ಶಾಯಿ ಮುಟ್ಟದ ಜಾಗವೇ ಬೆಳಕು: ಮರದಚ್ಚಿನ ಚಿತ್ರದ ಮೂಲಕ ಚದುರಿದ ಪ್ರತಿಫಲನದ ಬೋಧನೆ

ಪೀಠಿಕೆ

ಎಂಟನೇ ತರಗತಿಯ ‘ಬೆಳಕು’ ಘಟಕಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಕನ್ನಡಿ, ಟಾರ್ಚು, ಬಾಚಣಿಗೆ ಹಿಡಿದು ಹೋಗುತ್ತೇವೆ. ನಿಯತ ಪ್ರತಿಫಲನವನ್ನು ಕನ್ನಡಿಯಿಂದ ತೋರಿಸುವುದು ಸುಲಭ. ಚದುರಿದ ಪ್ರತಿಫಲನ ಬಂದಾಗ ಮಾತ್ರ ಕಪ್ಪುಹಲಗೆಯ ಮೇಲೆ ಅಂಕುಡೊಂಕು ಗೆರೆಯೊಂದನ್ನು ಎಳೆದು, ದಿಕ್ಕಿಗೊಂದು ಬಾಣ ಹಾಕಿ ಮುಂದಿನ ಅಂಶಕ್ಕೆ ಸಾಗುತ್ತೇವೆ. ಮಕ್ಕಳು ಚಿತ್ರ ಬಿಡಿಸುತ್ತಾರೆ, ವ್ಯಾಖ್ಯೆ ಬರೆಯುತ್ತಾರೆ, ಅಂಕವೂ ಸಿಗುತ್ತದೆ. ಆದರೆ “ನಿಮ್ಮ ನೋಟ್‌ಬುಕ್ಕಿನ ಹಾಳೆ ಏಕೆ ಬೆಳ್ಳಗಿದೆ?” ಎಂದು ಕೇಳಿದರೆ “ಬಿಳಿ ಬಣ್ಣ ಹಾಕಿರ್ತಾರೆ ಮಿಸ್” ಎಂಬ ಉತ್ತರ ಬರುತ್ತದೆ. ಕಲಿತ ವ್ಯಾಖ್ಯೆಗೂ ಕಣ್ಣ ಮುಂದಿರುವ ಹಾಳೆಗೂ ಸಂಬಂಧವೇ ಏರ್ಪಟ್ಟಿರುವುದಿಲ್ಲ.

ಚಾಮರಾಜಪೇಟೆಯ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಈ ಅಂಶವನ್ನು 40 ನಿಮಿಷಗಳ ಎರಡು ತರಗತಿಗಳಲ್ಲಿ, ಅಚ್ಚಿನ ಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು ಬೋಧಿಸಿದೆ. ಆ ಚಿತ್ರ ಧಾರ್ಮಿಕವಾದದ್ದು. ಹದಿನಾರನೇ ಶತಮಾನದ ಆರಂಭದಲ್ಲಿ ಜರ್ಮನಿಯಲ್ಲಿ ಮರದ ಹಲಗೆಗಳಿಂದ ಅಚ್ಚಾದದ್ದು. ಪಾಠಯೋಜನೆಯ ಚರ್ಚೆಯಲ್ಲಿ ನಮ್ಮ ಮಾರ್ಗದರ್ಶಕರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: “ವಿಜ್ಞಾನದ ಪಾಠಕ್ಕೆ ದೇವರ ಚಿತ್ರ ಏಕೆ? ಆ ತರಗತಿಯಲ್ಲಿ ಎಲ್ಲ ಮತದ ಮಕ್ಕಳೂ ಇದ್ದಾರಲ್ಲ?” ಪಾಠ ಹೇಗೆ ನಡೆಯಿತು ಎಂಬುದರ ಜೊತೆಗೆ ಆ ಪ್ರಶ್ನೆಗೆ ಉತ್ತರವನ್ನೂ ಈ ಲೇಖನದಲ್ಲಿ ದಾಖಲಿಸಿದ್ದೇನೆ.

ವಿಷಯ ವಿಶ್ಲೇಷಣೆ

ಮರದಚ್ಚು ಎಂದರೆ ಹಲಗೆಯಲ್ಲಿ ಬೇಡದ ಭಾಗವನ್ನು ಕೆತ್ತಿ ತೆಗೆದು, ಉಬ್ಬಿ ಉಳಿದ ಭಾಗಕ್ಕೆ ಶಾಯಿ ಸವರಿ, ಕಾಗದ ಒತ್ತಿ ಪಡೆಯುವ ಚಿತ್ರ. ಲಗ್ನಪತ್ರಿಕೆಯ ಮೇಲಿನ ಗಣಪತಿಯ ಬ್ಲಾಕು, ಅಂಚೆ ಕಚೇರಿಯ ಮೊಹರು, ಎಲ್ಲದರ ತತ್ತ್ವವೂ ಇದೇ: ಉಬ್ಬಿದ್ದು ಅಚ್ಚಾಗುತ್ತದೆ, ತಗ್ಗಿದ್ದು ಕಾಗದವಾಗಿಯೇ ಉಳಿಯುತ್ತದೆ.

ಒಂದೇ ಹಲಗೆಯಿಂದ ಅಚ್ಚು ಹಾಕಿದರೆ ಸಿಗುವುದು ಎರಡೇ ಮಟ್ಟ: ಶಾಯಿಯ ಕಪ್ಪು, ಕಾಗದದ ಬಿಳುಪು. ನಡುವಿನ ನೆರಳು ಬೇಕೆಂದರೆ ಕೆತ್ತುವವನು ಗೆರೆಗಳನ್ನು ಒತ್ತೊತ್ತಾಗಿ ಸಾಲಿಡಬೇಕು. ಇದಕ್ಕೆ ಬೇರೊಂದು ದಾರಿಯನ್ನು 1500ರ ದಶಕದಲ್ಲಿ ಜರ್ಮನಿಯ ಕಲಾವಿದರು ಕಂಡುಕೊಂಡರು. ಒಂದೇ ಚಿತ್ರಕ್ಕೆ ಎರಡು ಹಲಗೆ. ಮೊದಲನೆಯದರಲ್ಲಿ ಗೆರೆಗಳು ಮಾತ್ರ. ಅದಕ್ಕೆ ಕಪ್ಪು ಶಾಯಿ. ಎರಡನೆಯದು ಹೆಚ್ಚುಕಡಿಮೆ ಇಡೀ ಚಿತ್ರವನ್ನು ಮುಚ್ಚುವ ಛಾಯೆಯ ಹಲಗೆ. ಅದಕ್ಕೆ ಕಂದು, ಹಸಿರು ಅಥವಾ ಬೂದುಬಣ್ಣ. ಈ ಎರಡನೆಯ ಹಲಗೆಯಲ್ಲಿ, ಬೆಳಕು ಬೀಳಬೇಕಾದ ಜಾಗಗಳನ್ನು ಮಾತ್ರ ಕೆತ್ತಿ ತೆಗೆಯುತ್ತಾರೆ. ಎರಡನ್ನೂ ಒಂದೇ ಕಾಗದದ ಮೇಲೆ ಸರಿಯಾಗಿ ಕೂರಿಸಿ ಒತ್ತಿದಾಗ ಮೂರು ಮಟ್ಟ ಸಿಗುತ್ತವೆ: ಕಪ್ಪು ಗೆರೆ, ನಡುವಿನ ಛಾಯೆ, ಕಾಗದದ ಬಿಳುಪು. ಇದಕ್ಕೆ ಇಟಲಿಯ ಭಾಷೆಯಿಂದ ಬಂದ ‘ಕಿಯಾರೋಸ್ಕೂರೊ’ ಎಂಬ ಹೆಸರಿದೆ. ಕಿಯಾರೊ ಎಂದರೆ ಬೆಳಕು, ಸ್ಕೂರೊ ಎಂದರೆ ಕತ್ತಲು. ನಾನು ತರಗತಿಯಲ್ಲಿ ‘ನೆರಳು–ಬೆಳಕಿನ ಮರದಚ್ಚು’ ಎಂದೇ ಹೇಳಿದೆ.

ನಾನು ಆರಿಸಿಕೊಂಡದ್ದು ಲೂಕಾಸ್ ಕ್ರಾನಾಕ್ ಎಂಬ ಕಲಾವಿದನ ‘ಸಂತ ಕ್ರಿಸ್ಟೋಫರ್’. ಈತ 1505ರಿಂದ ವಿಟೆನ್‌ಬರ್ಗ್‌ನಲ್ಲಿ ಸ್ಯಾಕ್ಸನಿಯ ದೊರೆಯ ಆಸ್ಥಾನದಲ್ಲಿದ್ದವನು. ಚಿತ್ರದ ಮೇಲೆ 1506 ಎಂದು ಕೆತ್ತಿದೆ. ಆದರೆ ಅದು 1509ರ ಸುಮಾರಿಗೆ ಆದದ್ದೆಂದೂ, ಔಗ್ಸ್‌ಬರ್ಗ್‌ನ ಹಾನ್ಸ್ ಬುರ್ಕ್‌ಮೈರ್‌ಗಿಂತ ತಾನೇ ಮೊದಲಿಗನೆಂದು ತೋರಿಸಲು ಹಿಂದಿನ ಇಸವಿಯನ್ನು ಹಾಕಿರಬಹುದೆಂದೂ ಕಲಾ ಇತಿಹಾಸಕಾರರು ಹೇಳುತ್ತಾರೆ. 1516ರಲ್ಲಿ ಊಗೊ ಡ ಕಾರ್ಪಿ ಎಂಬಾತ ವೆನಿಸ್ಸಿನ ಆಡಳಿತ ಸಭೆಗೆ ಅರ್ಜಿ ಹಾಕಿ, ಈ ವಿಧಾನಕ್ಕೆ ತನ್ನದೇ ಹಕ್ಕು ಬೇಕೆಂದು ಕೇಳಿದ. ನೆರಳು–ಬೆಳಕನ್ನು ಅಚ್ಚು ಹಾಕುವ ತಂತ್ರ ಆ ಕಾಲಕ್ಕೆ ಪೈಪೋಟಿಯ ವಿಷಯವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಇದೇ ತತ್ತ್ವ ನಮ್ಮ ಮನೆಗಳಿಗೆ ಬಂದದ್ದು ಮರದಿಂದಲ್ಲ, ಕಲ್ಲಿನಿಂದ. ಕಲ್ಲಚ್ಚಿನಲ್ಲಿ ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆಯುತ್ತಾರೆ. ಆಮೇಲೆ ಗೋಂದು ಮತ್ತು ಆಮ್ಲದ ದ್ರಾವಣ ಸವರಿ ಕಲ್ಲನ್ನು ಒದ್ದೆ ಮಾಡಿದರೆ ನೀರು ಹಿಡಿದ ಜಾಗ ಶಾಯಿಯನ್ನು ದೂರವಿಡುತ್ತದೆ, ಜಿಡ್ಡಿನ ಜಾಗ ಹಿಡಿದುಕೊಳ್ಳುತ್ತದೆ. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟ ಆರಂಭಿಸಿದ್ದು ಕಲ್ಲಚ್ಚಿನಿಂದಲೇ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಹೊರಬಂದದ್ದೂ ಕಲ್ಲಚ್ಚಿನಲ್ಲೇ.

ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬಳಸಿದರೆ ಅದು ಬಣ್ಣದ ಕಲ್ಲಚ್ಚು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಜರ್ಮನ್ ಯಂತ್ರ, ಜರ್ಮನ್ ತಂತ್ರಜ್ಞರೊಂದಿಗೆ ಆರಂಭಿಸಿದ ಮುದ್ರಣಾಲಯ ಮಾಡಿದ್ದು ಇದನ್ನೇ. ಕಮಲದ ಮೇಲೆ ನಿಂತ ಲಕ್ಷ್ಮಿ, ಪಕ್ಕದಲ್ಲಿ ಸೊಂಡಿಲಿನಲ್ಲಿ ಮಾಲೆ ಹಿಡಿದ ಆನೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ಈ ಪಟವನ್ನೋ ಇದರ ಮರಿಪ್ರತಿಯನ್ನೋ ನೋಡದವರು ಕಡಿಮೆ. ರವಿವರ್ಮರ ಮೂಲ ತೈಲಚಿತ್ರಗಳನ್ನು ನೋಡಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬೇಕಿತ್ತು. ಅಚ್ಚಿನ ಲಕ್ಷ್ಮಿ ತಾನೇ ಮನೆಗೆ ಬಂದಳು. ಕೆನ್ನೆಯ ಹೊಳಪು, ಸೀರೆಯ ಮಡಿಕೆಯ ಮಿಂಚು ಇರುವ ಜಾಗಗಳಲ್ಲಿ ಶಾಯಿ ತೀರ ತೆಳುವಾಗಿರುತ್ತದೆ ಅಥವಾ ಇರುವುದೇ ಇಲ್ಲ. ಇಂದಿನ ಕ್ಯಾಲೆಂಡರಿನ ಆಫ್‌ಸೆಟ್ ಮುದ್ರಣದಲ್ಲಿಯೂ ಬಳಸುವುದು ಆಕಾಶನೀಲಿ, ಕೆನ್ನೇರಿಳೆ, ಹಳದಿ, ಕಪ್ಪು ಎಂಬ ನಾಲ್ಕೇ ಶಾಯಿ. ಬಿಳಿ ಶಾಯಿ ಆ ನಾಲ್ಕರಲ್ಲಿ ಇಲ್ಲ.

ಈ ಎಲ್ಲ ವಿಧಾನಗಳಲ್ಲೂ ಚಿತ್ರದ ಬೆಳಕು ಶಾಯಿಯದ್ದಲ್ಲ, ಕಾಗದದ್ದು. ಕಾಗದಕ್ಕೆ ಆ ಬೆಳಕು ಚದುರಿದ ಪ್ರತಿಫಲನದಿಂದ ಬರುತ್ತದೆ. ಪಾಠದ ತಿರುಳು ಇಷ್ಟೇ.

ಚಿತ್ರದ ಆಯ್ಕೆ ಏಕೆ ಹೀಗೆ?

ಮಾರ್ಗದರ್ಶಕರ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಎರಡು ಭಾಗದ್ದು. ಮೊದಲನೆಯದು: ನಮ್ಮ ಮಕ್ಕಳು ದಿನವೂ ನೋಡುವ, ಮನೆಯಲ್ಲಿ ಗೌರವದಿಂದ ಗೋಡೆಗೆ ಏರಿಸಿದ ಅಚ್ಚಿನ ಚಿತ್ರವೆಂದರೆ ಹೆಚ್ಚಾಗಿ ಧಾರ್ಮಿಕ ಚಿತ್ರವೇ. ಫ್ರೇಮ್ ಹಾಕುವ ಒಂದೇ ಅಂಗಡಿಯಲ್ಲಿ ಲಕ್ಷ್ಮಿ, ಯೇಸು, ಮೆಕ್ಕಾ–ಮದೀನಾ ಮೂರೂ ಪಕ್ಕಪಕ್ಕದಲ್ಲಿ ತೂಗುತ್ತಿರುತ್ತವೆ. ಅದಕ್ಕೆ ಕಣ್ಣು ಮುಚ್ಚಿಕೊಂಡು ಪಾಠ ಮಾಡಿದರೆ ಮನೆಯ ಗೋಡೆಯೇ ಪಾಠದಿಂದ ಹೊರಗುಳಿಯುತ್ತದೆ. ಎರಡನೆಯದು: ನೋಡುವುದಕ್ಕೆ ಧಾರ್ಮಿಕ ಚಿತ್ರ ಇರಬಹುದು, ಕೈಯಿಂದ ಮಾಡುವುದಕ್ಕೆ ಎಲ್ಲರದ್ದೂ ಆಗುವ ವಸ್ತು ಬೇಕು. ದೇವರ ರೂಪವನ್ನು ಕತ್ತರಿಯಿಂದ ಕತ್ತರಿಸುವುದು, ಮುಖಕ್ಕೆ ಮಸಿ ಬಳಿಯುವುದು, ಕೆಟ್ಟ ಪ್ರತಿಯನ್ನು ಕಸದ ಬುಟ್ಟಿಗೆ ಹಾಕುವುದು ಕೆಲವು ಮಕ್ಕಳಿಗೆ ಕಷ್ಟ. ದೇವರ ರೂಪ ಬರೆಯುವುದೇ ಇನ್ನು ಕೆಲವರ ಮನೆಯಲ್ಲಿ ರೂಢಿಯಲ್ಲಿಲ್ಲ. ಹಾಗಾಗಿ ಮಾಡಲು ಆರಿಸಿದ್ದು ಉರಿಯುವ ದೀಪ. ದೀಪ ಗುಡಿಯಲ್ಲಿದೆ, ದರ್ಗಾದಲ್ಲಿದೆ, ಚರ್ಚಿನಲ್ಲಿ ಮೇಣದಬತ್ತಿಯಾಗಿದೆ, ಕರೆಂಟು ಹೋದ ಮನೆಯಲ್ಲೂ ಇದೆ. ಪಾಠವಂತೂ ಬೆಳಕಿನದ್ದೇ.

ಕಲಿಕಾ ಫಲಗಳು

ಈ ಪಾಠದ ಕೊನೆಯಲ್ಲಿ ವಿದ್ಯಾರ್ಥಿಯು:
1. ಕಾಗದ ಬೆಳ್ಳಗೆ ಕಾಣಲು ಚದುರಿದ ಪ್ರತಿಫಲನ ಕಾರಣವೆಂದು ಪ್ರಯೋಗದ ಆಧಾರದಿಂದ ವಿವರಿಸುತ್ತಾನೆ/ಳೆ.
2. ನಿಯತ ಮತ್ತು ಚದುರಿದ ಪ್ರತಿಫಲನಗಳನ್ನು ಮನೆಯಲ್ಲಿರುವ ವಸ್ತುಗಳಲ್ಲಿ ಗುರುತಿಸುತ್ತಾನೆ/ಳೆ.
3. ಅಚ್ಚು ಮತ್ತು ಕನ್ನಡಿ ಎರಡರಲ್ಲೂ ಎಡ–ಬಲ ಅದಲುಬದಲಾಗುವುದನ್ನು ಹೋಲಿಸುತ್ತಾನೆ/ಳೆ.
4. ಎರಡು ಅಚ್ಚುಗಳಿಂದ ಮೂರು ಮಟ್ಟದ ನೆರಳು–ಬೆಳಕಿನ ಚಿತ್ರ ಸಿದ್ಧಪಡಿಸುತ್ತಾನೆ/ಳೆ.

ಬೋಧನೋಪಕರಣಗಳು

ಕ್ರಾನಾಕ್ ಚಿತ್ರದ ದೊಡ್ಡ ಅಳತೆಯ ಪ್ರತಿ, ಹಳೆಯ ಕ್ಯಾಲೆಂಡರು, ಜರಿ–ಚಮಕಿ ಅಂಟಿಸಿದ ಲಕ್ಷ್ಮಿಯ ಪಟ, ಹಳೆಯ ಲಗ್ನಪತ್ರಿಕೆಗಳು, ಭೂತಗನ್ನಡಿ, ರಸಾಯನಶಾಸ್ತ್ರ ಪ್ರಯೋಗಾಲಯದ ಸೋಸುಕಾಗದ, ಕೊಬ್ಬರಿ ಎಣ್ಣೆ, ಟಾರ್ಚು. ಅಚ್ಚಿಗೆ: ಸ್ಟೇಷನರಿ ಅಂಗಡಿಯ ಫೋಮ್ ಶೀಟು, ರಟ್ಟು, ಕತ್ತರಿ, ಅಂಟು, ಸ್ಪಂಜು, ಕಪ್ಪು ಮತ್ತು ಕಾವಿ ಬಣ್ಣದ ಪೋಸ್ಟರ್ ಕಲರ್, ಡ್ರಾಯಿಂಗ್ ಹಾಳೆ. ಮರ ಅಥವಾ ಲಿನೋಲಿಯಂ ಕೆತ್ತಲು ಹರಿತವಾದ ಉಳಿ ಬೇಕು. ಎಂಟನೇ ತರಗತಿಯ ತುಂಬಿದ ಕೊಠಡಿಗೆ ಅದು ತಕ್ಕದ್ದಲ್ಲ.

ಪಾಠದ ನಡೆ (ಐದು ‘ಇ’ ಮಾದರಿ)

ತೊಡಗಿಸುವಿಕೆ: ಹೆಸರು ಹೇಳದೆ ಕ್ರಾನಾಕ್ ಚಿತ್ರವನ್ನು ತೋರಿಸಿದೆ. ದೊಡ್ಡ ಮೈಯ ಗಡ್ಡದ ಮನುಷ್ಯ, ಹೆಗಲ ಮೇಲೆ ಮಗು, ಕೆಳಗೆ ಹೊಳೆ. “ಇವರು ಯಾರು?” ಎಂದ ಕೂಡಲೇ ಹಿಂದಿನ ಬೆಂಚಿನಿಂದ “ವಸುದೇವ! ಕೃಷ್ಣನನ್ನ ಎತ್ಕೊಂಡು ಯಮುನೆ ದಾಟ್ತಿರೋದು” ಎಂಬ ಉತ್ತರ ಬಂತು. ಎರಡನೇ ಸಾಲಿನ ಹುಡುಗಿ ಕೈ ಎತ್ತಿ, “ಅಲ್ಲ ಮಿಸ್, ಇದು ಸಂತ ಕ್ರಿಸ್ಟೋಫರ್. ಅಪ್ಪನ ಆಟೋದಲ್ಲಿ ಚಿಕ್ಕ ಪದಕ ಇದೆ” ಎಂದಳು. ಪ್ರಯಾಣಿಕರನ್ನು ಕಾಯುವ ಸಂತನೆಂಬ ನಂಬಿಕೆಯನ್ನು ಅವಳೇ ತರಗತಿಗೆ ಹೇಳಿದಳು. ಎರಡು ಕತೆಗಳನ್ನೂ ಕೇಳಿದ ಮೇಲೆ ಪಾಠದ ಪ್ರಶ್ನೆ ಇಟ್ಟೆ: “ಈ ಚಿತ್ರದಲ್ಲಿ ಎಷ್ಟು ಬಣ್ಣದ ಶಾಯಿ ಬಳಸಿದ್ದಾರೆ?” ಬಹುತೇಕ ಎಲ್ಲರೂ ಮೂರು ಎಂದರು: ಕಪ್ಪು, ಕಂದು, ಬಿಳಿ. ಉತ್ತರ ಸರಿಯೋ ತಪ್ಪೋ ಹೇಳದೆ ಹಲಗೆಯ ಮೇಲೆ ‘3’ ಎಂದು ಬರೆದಿಟ್ಟೆ.

ಪರಿಶೋಧನೆ: ಗುಂಪಿಗೊಂದು ಸೋಸುಕಾಗದ ಕೊಟ್ಟು, ಅದರ ನಡುವೆ ಒಂದು ಹನಿ ಎಣ್ಣೆ ಹಾಕಿ ಕಪ್ಪು ಬಟ್ಟೆಯ ಮೇಲಿಡಲು ಹೇಳಿದೆ. ಎಣ್ಣೆ ಹರಡಿದ ಜಾಗ ಕಪ್ಪಾಗಿ ಕಂಡಿತು. ಅದೇ ಕಾಗದವನ್ನು ಕಿಟಕಿಗೆ ಹಿಡಿದಾಗ ಅದೇ ಜಾಗ ಸುತ್ತಲಿಗಿಂತ ಬೆಳ್ಳಗೆ ಕಂಡಿತು. “ಬಜ್ಜಿ ಕಟ್ಟಿದ ಪೇಪರ್ ಥರ” ಎಂದ ಒಬ್ಬ. ಅದೇ ಸರಿಯಾದ ಹೋಲಿಕೆ. “ಬಿಳಿ ಬಣ್ಣ ಎಲ್ಲಿಗೆ ಹೋಯಿತು? ಎಣ್ಣೆ ಅದನ್ನು ತೊಳೆದುಬಿಟ್ಟಿತೇ?” ಎಂದು ಕೇಳಿ, ಗುಂಪುಗಳು ತಮ್ಮತಮ್ಮಲ್ಲಿ ಚರ್ಚಿಸಲು ಐದು ನಿಮಿಷ ಬಿಟ್ಟೆ.

ವಿವರಣೆ: ಕಾಗದದ ನಾರಿಗೆ ತನ್ನದೇ ಬಿಳಿ ಬಣ್ಣವಿಲ್ಲ, ಅದು ಹೆಚ್ಚುಕಡಿಮೆ ಪಾರದರ್ಶಕ. ನಾರು, ನಡುವೆ ಗಾಳಿ, ಮತ್ತೆ ನಾರು — ಪ್ರತಿ ಅಂಚಿನಲ್ಲೂ ಬೆಳಕು ಸ್ವಲ್ಪ ಸ್ವಲ್ಪ ತಿರುಗಿ, ಕೊನೆಗೆ ಎಲ್ಲ ದಿಕ್ಕಿಗೂ ಚದುರುತ್ತದೆ. ಎಲ್ಲ ಬಣ್ಣದ ಬೆಳಕೂ ಸಮವಾಗಿ ಚದುರಿ ಬರುವುದರಿಂದ ಕಣ್ಣಿಗೆ ಅದು ಬಿಳುಪು. ಎಣ್ಣೆ ಗಾಳಿಯ ಜಾಗವನ್ನು ತುಂಬಿದಾಗ ಚದುರುವಿಕೆ ಕಡಿಮೆಯಾಗಿ ಬೆಳಕು ಆಚೆ ದಾಟಿಹೋಗುತ್ತದೆ. ಶಾಯಿಯಾದರೆ ಬೆಳಕನ್ನು ಹೀರಿಕೊಳ್ಳುತ್ತದೆ. ಸಕ್ಕರೆಯ ಹರಳು ಪಾರದರ್ಶಕವಾಗಿದ್ದರೂ ಪುಡಿ ಸಕ್ಕರೆ ಬೆಳ್ಳಗಿರುವ ಉದಾಹರಣೆಯನ್ನೂ ಇಲ್ಲಿ ಕೊಟ್ಟೆ. ಆಮೇಲೆ ಮತ್ತೆ ಕ್ರಾನಾಕ್ ಚಿತ್ರಕ್ಕೆ ಬಂದು, ಹಲಗೆಯ ಮೇಲಿನ ‘3’ ಅನ್ನು ತೋರಿಸಿದೆ. ವಿದ್ಯಾರ್ಥಿಯೊಬ್ಬಳು ತಾನೇ ಎದ್ದು ಬಂದು ಅದನ್ನು ಅಳಿಸಿ ‘2’ ಎಂದು ಬರೆದಳು.

ಜರಿ ಅಂಟಿಸಿದ ಲಕ್ಷ್ಮಿಯ ಪಟ ಇಲ್ಲಿ ಚೆನ್ನಾಗಿ ಒದಗಿತು. ಪಟಕ್ಕೆ ಟಾರ್ಚು ಬಿಟ್ಟಾಗ ಚಮಕಿ ಕೆಲವರಿಗೆ ಮಾತ್ರ ಫಳ್ಳೆಂದು ಹೊಳೆಯಿತು. ಅಚ್ಚಿನ ಮುಖ ಎಲ್ಲ ಮೂಲೆಯವರಿಗೂ ಒಂದೇ ಸಮ ಕಂಡಿತು. ನಿಯತ ಪ್ರತಿಫಲನವೂ ಚದುರಿದ ಪ್ರತಿಫಲನವೂ ಒಂದೇ ಪಟದಲ್ಲಿ ಸಿಕ್ಕಂತಾಯಿತು.

ವಿಸ್ತರಣೆ: ಎರಡನೇ ತರಗತಿಯಲ್ಲಿ ಅಚ್ಚು ಮಾಡುವ ಕೆಲಸ. ನಾಲ್ವರ ಗುಂಪು. ಒಂದು ರಟ್ಟಿಗೆ ಫೋಮಿನ ಸಣ್ಣ ಪಟ್ಟಿಗಳನ್ನು ಅಂಟಿಸಿ ದೀಪದ ಗೆರೆಯಚ್ಚು. ಇನ್ನೊಂದು ರಟ್ಟಿಗೆ ಇಡೀ ಫೋಮ್ ಹಾಳೆ ಅಂಟಿಸಿ, ಬೆಳಕಿನ ಜಾಗವನ್ನು ಕತ್ತರಿಸಿ ತೆಗೆದ ಛಾಯೆಯಚ್ಚು. ಡೆಸ್ಕಿನ ಮೇಲೆ ರಟ್ಟಿನ ಎರಡು ಪಟ್ಟಿಗಳನ್ನು ಮೂಲೆಮಟ್ಟದಂತೆ ಅಂಟಿಸಿದರೆ, ಪ್ರತಿ ಸಲವೂ ಕಾಗದ ಮತ್ತು ಅಚ್ಚು ಅದೇ ಮೂಲೆಗೆ ಬಂದು ಕೂರುತ್ತವೆ. ಮೊದಲು ಕಾವಿ ಬಣ್ಣದ ಛಾಯೆ. ಅದು ಒಣಗಿದ ಮೇಲೆ ಕಪ್ಪು ಗೆರೆ.

ಒಂದು ಗುಂಪು ಫೋಮಿನಲ್ಲಿ ಜ್ವಾಲೆಯ ಆಕಾರವನ್ನು ಕತ್ತರಿಸಿ ಛಾಯೆಯಚ್ಚಿನ ಮೇಲೆ ಇನ್ನೊಂದು ಪದರವಾಗಿ ಅಂಟಿಸಿತು. ಒತ್ತಿದಾಗ ಇಡೀ ಚಿತ್ರದಲ್ಲಿ ಜ್ವಾಲೆಯೇ ಅತಿ ಗಾಢವಾಗಿ ಬಂತು. ಪಕ್ಕದ ಗುಂಪಿನವರು “ಇದು ಕತ್ತಲೆ ಉಗುಳೋ ದೀಪ” ಎಂದು ನಕ್ಕರು. ನಾನು ಏನೂ ಹೇಳಲಿಲ್ಲ. ಆ ಗುಂಪಿನ ಹುಡುಗಿ ಅಚ್ಚನ್ನೂ ಕಾಗದವನ್ನೂ ಎರಡು ಸಲ ತಿರುಗಿಸಿ ನೋಡಿ, “ಮಿಸ್, ದೀಪ ಉರಿಯೋ ಜಾಗದಲ್ಲಿ ಏನೂ ಇರಬಾರದು” ಎಂದಳು. ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸಿ ಇಂಥ ವಾಕ್ಯವನ್ನು ಪಡೆಯಲಾಗದು.

ಎಡ–ಬಲದ ವಿಷಯಕ್ಕೆ ಲಗ್ನಪತ್ರಿಕೆಯ ಗಣಪತಿ ನೆರವಾದ. ಎಡಕ್ಕೆ ಸೊಂಡಿಲು ತಿರುಗಿಸಿದ ಗಣಪತಿಯನ್ನು ಇದ್ದ ಹಾಗೆಯೇ ಬ್ಲಾಕಿನಲ್ಲಿ ಕೆತ್ತಿದರೆ ಕಾಗದದ ಮೇಲೆ ಬಲಮುರಿ ಗಣಪತಿ ಬರುತ್ತಾನೆ. ಬಲಮುರಿಗೆ ಪೂಜೆಯ ನಿಯಮ ಹೆಚ್ಚು ಎಂಬುದು ಮಕ್ಕಳಿಗೆ ಮನೆಯಿಂದಲೇ ಗೊತ್ತು. ಹಾಗಾಗಿ “ಕೆತ್ತುವವನು ಏನು ಮಾಡಬೇಕು?” ಎಂಬ ಪ್ರಶ್ನೆಗೆ “ಕನ್ನಡಿಯಲ್ಲಿ ನೋಡಿ ಕೆತ್ತಬೇಕು” ಎಂಬ ಉತ್ತರ ತಡವಿಲ್ಲದೆ ಬಂತು.

ಕರಾವಳಿಯ ದೇವಾಲಯಗಳ ಕಾವಿ ಕಲೆಯನ್ನೂ ಸಂಕ್ಷಿಪ್ತವಾಗಿ ಪರಿಚಯಿಸಿದೆ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಅದನ್ನು ಕೆರೆದು ಒಳಗಿನ ಬಿಳುಪನ್ನು ಚಿತ್ರವಾಗಿ ತೆರೆಯುವ ವಿಧಾನವದು. ಕ್ರಾನಾಕ್ ಹಲಗೆಯಲ್ಲಿ ಮಾಡಿದ್ದನ್ನು ನಮ್ಮ ಕರಾವಳಿಯ ಕುಶಲಕರ್ಮಿಗಳು ಗೋಡೆಯಲ್ಲಿ ಮಾಡಿದ್ದಾರೆ.

ಮೌಲ್ಯಮಾಪನ: ಲಿಖಿತ ಪರೀಕ್ಷೆಯ ಬದಲು ಗುಂಪಿಗೊಂದು ಹಳೆಯ ಲಗ್ನಪತ್ರಿಕೆ, ಕ್ಯಾಲೆಂಡರಿನ ತುಂಡು, ಭೂತಗನ್ನಡಿ ಕೊಟ್ಟು ಮೂರು ಪ್ರಶ್ನೆ ಕೇಳಿದೆ. ಎಷ್ಟು ಶಾಯಿ ಬಳಸಿದ್ದಾರೆ? ಬಿಳುಪು ಎಲ್ಲಿಂದ ಬಂತು? ಈ ಹಾಳೆಯನ್ನು ಎಣ್ಣೆಯಲ್ಲಿ ಅದ್ದಿದರೆ ಚಿತ್ರದ ಯಾವ ಭಾಗ ಹೆಚ್ಚು ಬದಲಾಗುತ್ತದೆ, ಏಕೆ? ಮೂರನೆಯದು ಉನ್ನತ ಮಟ್ಟದ ಪ್ರಶ್ನೆ. “ಬಿಳಿ ಜಾಗ ಹೆಚ್ಚು ಬದಲಾಗುತ್ತೆ, ಕಪ್ಪು ಜಾಗ ಮೊದಲೇ ಬೆಳಕನ್ನ ವಾಪಸ್ ಕೊಡ್ತಿರಲಿಲ್ಲ” ಎಂದು ಬರೆದ ಗುಂಪಿನ ಉತ್ತರದಲ್ಲಿ ಪಠ್ಯಪುಸ್ತಕದ ಪದಗಳಿಲ್ಲ, ಆದರೆ ಪರಿಕಲ್ಪನೆ ಪೂರ್ತಿಯಾಗಿದೆ. ಕ್ಯಾಲೆಂಡರಿನ ಚುಕ್ಕಿಗಳನ್ನು ಭೂತಗನ್ನಡಿಯಲ್ಲಿ ಕಂಡವರು ಬಿಡುವಿನ ವೇಳೆ ಮುಗಿದರೂ ಎದ್ದಿರಲಿಲ್ಲ.

ಅವಲೋಕನ

ತರಗತಿಯನ್ನು ಅವಲೋಕಿಸಿದ ಸಹ-ಪ್ರಶಿಕ್ಷಣಾರ್ಥಿ ಮುಖ್ಯವಾದ ಒಂದು ಅಂಶವನ್ನು ದಾಖಲಿಸಿದರು. ಪಾಠದಲ್ಲಿ ಹೆಚ್ಚು ಮಾತಾಡಿದವರು ಯಾವಾಗಲೂ ಮಾತಾಡುವ ಮೊದಲ ಬೆಂಚಿನವರಲ್ಲ. ಮನೆಯಲ್ಲಿ ಜರಿಯ ಪಟ ಇರುವವರು, ಅಪ್ಪನ ಆಟೋದಲ್ಲಿ ಪದಕ ಇರುವವರು, ಚಿಕ್ಕಪ್ಪ ಅಚ್ಚುಕೂಟದಲ್ಲಿ ಕೆಲಸ ಮಾಡುವವರು ಮಾತಾಡಿದರು. ಚಾಮರಾಜಪೇಟೆಯಂಥ ಅಚ್ಚುಕೂಟಗಳ ಬಡಾವಣೆಯಲ್ಲಿ ಈ ಜ್ಞಾನ ಮಕ್ಕಳ ಮನೆಯಲ್ಲೇ ಇದೆ. ಬಣ್ಣ ಸರಿಯಾಗಿ ಕೂರದ ಪ್ರತಿಯನ್ನು ನೋಡಿ ಒಬ್ಬ “ರಿಜಿಸ್ಟರ್ ಔಟ್” ಎಂದಾಗ ನಾನು ಆ ಪದವನ್ನು ಹಲಗೆಯ ಮೇಲೆ ಬರೆದೆ. ಉಳಿದವರು ಆ ಅವಧಿಯಿಡೀ ಅದನ್ನೇ ಬಳಸಿದರು.

ಮತದ ಪ್ರಶ್ನೆಗೂ ಉತ್ತರ ತರಗತಿಯಲ್ಲೇ ಸಿಕ್ಕಿತು. “ನಮ್ಮಲ್ಲಿ ದೇವರ ಚಿತ್ರ ಬರೆಯೋದಿಲ್ಲ ಮಿಸ್” ಎಂದು ಮೊದಲ ದಿನ ನನ್ನ ಬಳಿ ಬಂದು ಹೇಳಿದ ಹುಡುಗ, ಎರಡನೇ ದಿನ ತನ್ನ ಗುಂಪಿನ ಛಾಯೆಯಚ್ಚನ್ನು ತಾನೇ ಕತ್ತರಿಸಿದ. ಅವನ ದೀಪದ ಸುತ್ತ ಬೆಳಕಿನ ಮೂರು ವಲಯಗಳಿದ್ದವು. ಚಪ್ಪಲಿಯ ರಬ್ಬರಿನಿಂದ ಚೆನ್ನಾಗಿ ಅಚ್ಚು ಬರುತ್ತದೆ ಎಂದು ಯಾರೋ ಸೂಚಿಸಿದಾಗ “ದೀಪಕ್ಕೆ ಬೇಡ” ಎಂದು ಬೇರೆ ಬೇರೆ ಮನೆಯ ಮಕ್ಕಳು ಒಟ್ಟಿಗೇ ಹೇಳಿದರು. ಕೆಟ್ಟುಹೋದ ಪ್ರತಿಗಳನ್ನೂ ಯಾರೂ ಬುಟ್ಟಿಗೆ ಹಾಕಲಿಲ್ಲ. ಪುಸ್ತಕದ ಮಧ್ಯೆ ಇಟ್ಟುಕೊಂಡು ಮನೆಗೆ ಒಯ್ದರು. ಒಬ್ಬರಿಗೆ ಪವಿತ್ರವಾದದ್ದನ್ನು ಇನ್ನೊಬ್ಬರು ಹೇಗೆ ಮುಟ್ಟಬೇಕು ಎಂಬ ಪಾಠವನ್ನು ನಾನು ಮಾಡಲಿಲ್ಲ. ಅವರಿಗೆ ಅದು ಗೊತ್ತಿತ್ತು. ತೋರಿಸಲು ಸಂದರ್ಭವೊಂದು ಬೇಕಿತ್ತು.

ಸಹ-ಪ್ರಶಿಕ್ಷಣಾರ್ಥಿಗಳಿಗೆ ಸಲಹೆಗಳು

1. ಎಣ್ಣೆಯ ಪ್ರಯೋಗಕ್ಕೆ ನೋಟ್‌ಬುಕ್ಕಿನ ಹಾಳೆಗಿಂತ ಸೋಸುಕಾಗದ ಉತ್ತಮ. ಬರೆಯುವ ಹಾಳೆಯಲ್ಲಿ ಬಿಳುಪಿಗಾಗಿ ಖನಿಜದ ಪುಡಿಯನ್ನೂ ಸೇರಿಸಿರುತ್ತಾರೆ. ಫಲಿತಾಂಶ ಅಷ್ಟು ಸ್ಪಷ್ಟವಾಗಿರುವುದಿಲ್ಲ.
2. ಪೋಸ್ಟರ್ ಕಲರಿಗೆ ನೀರು ಬೆರೆಸಬೇಡಿ. ತೆಳುವಾದರೆ ಕತ್ತರಿಸಿ ತೆಗೆದ ಜಾಗಕ್ಕೂ ಹರಿದು ಬೆಳಕನ್ನು ಮುಚ್ಚುತ್ತದೆ.
3. ಛಾಯೆಯಚ್ಚನ್ನು ಮೊದಲ ತರಗತಿಯ ಕೊನೆಯಲ್ಲೇ ಒತ್ತಿಸಿ ಒಣಗಲು ಬಿಟ್ಟರೆ ಎರಡನೇ ತರಗತಿಯಲ್ಲಿ ಸಮಯ ಉಳಿಯುತ್ತದೆ.
4. ಚಿತ್ರಕಲಾ ಶಿಕ್ಷಕರಿರುವ ಶಾಲೆಯಲ್ಲಿ ಅವರ ಅವಧಿಯನ್ನು ಜೋಡಿಸಿಕೊಳ್ಳಿ. ವಿಜ್ಞಾನದ ಪಠ್ಯ ಹಿಂದೆ ಬೀಳುತ್ತದೆಂಬ ಆತಂಕ ತಪ್ಪುತ್ತದೆ.
5. ಮನೆಯಿಂದ ಪಟ ತರಲು ಮಕ್ಕಳಿಗೆ ಹೇಳಬೇಡಿ. ಪೂಜೆಯ ಪಟವನ್ನು ಗೋಡೆಯಿಂದ ಇಳಿಸುವುದು ಮನೆಯವರಿಗೆ ಇಷ್ಟವಾಗದಿರಬಹುದು. ಹಳೆಯ ಕ್ಯಾಲೆಂಡರು, ಲಗ್ನಪತ್ರಿಕೆ ಸಾಕು.

ಚದುರಿದ ಪ್ರತಿಫಲನಕ್ಕೆ ಪಠ್ಯದಲ್ಲಿ ಇರುವುದು ಕೆಲವೇ ಸಾಲುಗಳು. ಅದಕ್ಕೆ ಎರಡು ತರಗತಿ ಕೊಡಬೇಕೇ ಎಂಬ ಪ್ರಶ್ನೆ ಸ್ಟಾಫ್ ರೂಮಿನಲ್ಲಿ ಬಂದೇ ಬರುತ್ತದೆ. ನಾವು ಕಾಣುವ ವಸ್ತುಗಳಲ್ಲಿ ಕನ್ನಡಿಯಂತೆ ಬೆಳಕನ್ನು ಹಿಂತಿರುಗಿಸುವವು ಬೆರಳೆಣಿಕೆಯಷ್ಟು. ಉಳಿದ ಗೋಡೆ, ಪುಸ್ತಕ, ಮುಖ, ಮರ ಎಲ್ಲವೂ ಕಾಣುವುದು ಚದುರಿದ ಬೆಳಕಿನಿಂದಲೇ. ಅದನ್ನು ಅರ್ಥಮಾಡಿಕೊಳ್ಳಲು ಎರಡು ತರಗತಿ ಹೆಚ್ಚಲ್ಲ ಎಂಬುದು ನನ್ನ ಅಭಿಪ್ರಾಯ. ಈ ಪಾಠಯೋಜನೆಯನ್ನು ಬೇರೆ ಬಡಾವಣೆಯ, ಬೇರೆ ಮಾಧ್ಯಮದ ಶಾಲೆಗಳಲ್ಲಿ ಪ್ರಯತ್ನಿಸಿದವರು ತಮ್ಮ ಅನುಭವವನ್ನು ಇದೇ ಪತ್ರಿಕೆಯಲ್ಲಿ ಬರೆದರೆ, ದೀಪದ ಬದಲು ಇನ್ನಾವ ವಸ್ತು ಚೆನ್ನಾಗಿ ಒದಗುತ್ತದೆಂಬುದೂ ತಿಳಿಯುತ್ತದೆ.